ದಾಂಡೇಲಿಯ ಕಾಡು: ಕೊಡಲಿಯೂ ಕಾವಲೂ

ಹೊರನಾಡಿನಲ್ಲಿ ನೆಲಸಿರುವ ನಮ್ಮ ಕನ್ನಡ ಮನೆಗಳಲ್ಲಿ ಊರಿನಿಂದ ಬಂದ ಹಳೆಯ ವಸ್ತುವೊಂದು ಉಳಿದಿದ್ದರೆ ಅದು ಬಹುಮಟ್ಟಿಗೆ ಸಾಗವಾನಿಯದಾಗಿರುತ್ತದೆ. ಅಜ್ಜನ ಕಾಲದ ಕಪಾಟು, ಹಿತ್ತಾಳೆಯ ಪಟ್ಟಿ ಬಡಿದ ಪೆಟ್ಟಿಗೆ, ದೇವರ ಮಂಟಪ, ಇಲ್ಲವೆ ಒಂದು ತೂಗುಮಣೆ. ಚಾಳು ಹೋಗಿ ಬ್ಲಾಕು ಬಂತು, ಬ್ಲಾಕು ಹೋಗಿ ಹದಿನಾಲ್ಕನೆಯ ಮಾಳಿಗೆಯ ಫ್ಲ್ಯಾಟು ಬಂತು. ಆದರೂ ಆ ಕಪಾಟನ್ನು ಮಾರಲು ಯಾರಿಗೂ ಮನಸ್ಸು ಬರಲಿಲ್ಲ. ಅದು ಯಾವ ಕಾಡಿನದು, ಅದನ್ನು ಕಾಯ್ದವರು ಯಾರು, ಅದು ನಿಂತಿದ್ದ ಜಾಗದಲ್ಲಿ ಈಗ ಏನಿದೆ ಎಂದು ಕೇಳುವವರು ಮಾತ್ರ ವಿರಳ. ಈ ಪ್ರಶ್ನೆಗಳಿಗೆ ಒಂದಿಷ್ಟು ಉತ್ತರ ಹೇಳಬಲ್ಲ ಊರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿದೆ. ಅದೇ ದಾಂಡೇಲಿ.

ಈಗಿನ ಹುಡುಗರಿಗೆ ದಾಂಡೇಲಿ ಎಂದರೆ ಕಾಳಿ ನದಿಯ ನೊರೆನೀರಿನಲ್ಲಿ ರಬ್ಬರು ದೋಣಿ ನಡೆಸುವ ಜಾಗ. ಬೇಡವೆನ್ನುವುದಿಲ್ಲ; ವಯಸ್ಸಿದ್ದಾಗ ನಡೆಸಬೇಕಾದುದೇ. ಆದರೆ ನೀರಿಗಿಳಿಯುವ ಮುನ್ನ ದಂಡೆಯ ಮರಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರೆ ನಷ್ಟವಿಲ್ಲ. ಏಕೆಂದರೆ ಇದು ತನ್ನಷ್ಟಕ್ಕೆ ತಾನೇ ಬೆಳೆದು ನಿಂತ ಕಾಡು ಮಾತ್ರವಲ್ಲ. ನೂರೈವತ್ತು ವರ್ಷಗಳಿಗೂ ಮಿಕ್ಕಿ ಸರಕಾರವು ಎಣಿಸಿ, ಗುರುತು ಹಾಕಿ, ಕಡಿದು, ನೆಟ್ಟು, ಮಾರಿ, ಮತ್ತೆ ಕಾದು ನಡೆಸಿಕೊಂಡು ಬಂದಿರುವ ಕಾಡು. ಆ ನಡೆಸುವಿಕೆಯಲ್ಲಿ ಏನು ಒಳ್ಳೆಯದಾಯಿತು, ಏನು ಕೆಟ್ಟಿತು ಎಂಬುದು ಮರಮರದ ಮೇಲೂ ಬರೆದಿದೆ. ಓದುವ ವ್ಯವಧಾನ ಬೇಕು, ಅಷ್ಟೆ.

ದಾರಿ ಕಷ್ಟದ್ದಲ್ಲ. ಮುಂಬಯಿ ಪುಣೆಗಳಿಂದ ಬರುವವರಿಗೆ ಮಿರಜ, ಬೆಳಗಾವಿ, ಲೋಂಡಾಗಳ ಮೇಲಿನ ರೈಲುದಾರಿ. ಹೈದರಾಬಾದು ಮದರಾಸುಗಳ ಕಡೆಯವರು ಹುಬ್ಬಳ್ಳಿಗೆ ಬಂದು ಇಳಿಯಬಹುದು. ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಸುಮಾರು ೫೫ ಕಿಲೋಮೀಟರು. ಅಳ್ನಾವರದಿಂದ ದಾಂಡೇಲಿಗೆ ಒಂದು ರೈಲಿನ ಕವಲೂ ಇದೆ. ಬ್ರಿಟಿಷರು ಅದನ್ನು ಹಾಕಿಸಿದುದು ಜನರಿಗಾಗಿ ಅಲ್ಲ, ನಾಟಾ ಸಾಗಿಸುವುದಕ್ಕಾಗಿ. ನಮ್ಮ ಈ ಭಾಗದಲ್ಲಿ ಕಡಿದು ಹಸನು ಮಾಡಿದ ಮರಕ್ಕೆ ನಾಟಾ ಎಂದೇ ಹೆಸರು. ದಾಂಡೇಲಿ ಊರಾಗಿ ಬೆಳೆದುದಕ್ಕೆ ಈ ನಾಟಾವೇ ಮೂಲವೆಂದರೆ ತಪ್ಪಾಗದು.

ಧಾರವಾಡದಿಂದ ಹೊರಟರೆ ಮೊದಲು ಸಿಗುವುದು ಬಯಲು, ಹತ್ತಿ ಜೋಳದ ಹೊಲಗಳು. ಹಳಿಯಾಳ ಸಮೀಪಿಸುವಾಗ ಬತ್ತದ ಗದ್ದೆಗಳು ತಲೆದೋರುತ್ತವೆ. ಗದ್ದೆಗಳ ಅಂಚಿನಲ್ಲಿ ಒಂದೊಂದಾಗಿ ಸಾಗವಾನಿಯ ಮರಗಳು, ಮೊರದಂಥ ಎಲೆಗಳನ್ನು ಅಲ್ಲಾಡಿಸುತ್ತ ನಿಂತಿರುತ್ತವೆ. ಮುಂದೆ ಹೋದಂತೆ ಮತ್ತಿ, ಹೊನ್ನೆ, ನಂದಿ, ಜಂಬೆ, ಬೀಟೆಗಳು ಜೊತೆಗೂಡುತ್ತವೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಬಿರುಕುಬಿಟ್ಟದ್ದು. ನಂದಿಯದು ನುಣುಪಾದ ಬಿಳಿದು. ಮಕ್ಕಳಿಗೆ ಈ ಎರಡನ್ನು ತೋರಿಸಿಕೊಟ್ಟರೆ ಸಾಕು, ಉಳಿದವನ್ನು ಅವರೇ ಹುಡುಕಿಕೊಳ್ಳುತ್ತಾರೆ. ದಾಂಡೇಲಿಯನ್ನು ದಾಟಿ ಜೋಯಿಡಾ, ಅಣಶಿಗಳ ಕಡೆಗೆ ಘಟ್ಟ ಏರಿದಂತೆಲ್ಲ ಮಳೆ ಹೆಚ್ಚು, ಕಾಡು ಕಪ್ಪು. ಎಲೆಯುದುರಿಸುವ ಮರಗಳು ಹಿಂದುಳಿದು ಸದಾ ಹಸಿರಾದ ಕಾಡು ಮೊದಲಾಗುತ್ತದೆ. ಒಂದೇ ಹಗಲಿನಲ್ಲಿ ಮೂರು ಬಗೆಯ ಕಾಡು ಕಾಣಬೇಕೆನ್ನುವವರಿಗೆ ಇದಕ್ಕಿಂತ ಸುಲಭವಾದ ದಾರಿ ಸಿಗಲಾರದು.

ಈ ಕಾಡಿಗೂ ಮುಂಬಯಿಗೂ ಇರುವ ನಂಟು ಹಳೆಯದು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ೧೯೫೬ರ ನವೆಂಬರ್ ೧ರವರೆಗೆ ಇದು ಮುಂಬಯಿಗೇ ಸೇರಿತ್ತು. ಆದರೆ ಸಾಗವಾನಿಯ ನಂಟು ಅದಕ್ಕಿಂತಲೂ ಹಿಂದಿನದು. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರಸಿ ಕುಶಲಿಗಳು ಕಟ್ಟಿದ ಹಡಗುಗಳು ಲೋಕಪ್ರಸಿದ್ಧವಾಗಿದ್ದವು. ಇಂಗ್ಲೆಂಡಿನ ಓಕು ಕೊಳೆಯುವಲ್ಲಿ ನಮ್ಮ ಘಟ್ಟದ ಸಾಗವಾನಿ ಕೊಳೆಯುತ್ತಿರಲಿಲ್ಲ. ೧೮೧೭ರಲ್ಲಿ ಮಲಬಾರಿನ ಸಾಗವಾನಿಯಿಂದ ಮುಂಬಯಿಯಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಹಡಗು ಇನ್ನೂರು ವರ್ಷ ದಾಟಿದ ಮೇಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಎಂಬಲ್ಲಿ ನೀರಿನ ಮೇಲೆಯೇ ತೇಲುತ್ತಿದೆ. ಮರದ ಗಟ್ಟಿತನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಆ ಗಟ್ಟಿತನಕ್ಕೆ ಕಾಡು ತೆತ್ತ ಬೆಲೆಯೂ ಉಂಟು. ೧೮೦೬ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಪಶ್ಚಿಮ ಕರಾವಳಿಯ ಕಾಡುಗಳಿಗೆ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹೆಸರು ಸಂರಕ್ಷಕ, ಕೆಲಸ ಹಡಗಿಗೆ ಮರ ಒದಗಿಸುವುದು! ಜನರು ರೊಚ್ಚಿಗೆದ್ದರು, ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಆ ಏಕಸ್ವಾಮ್ಯವನ್ನೇ ರದ್ದುಪಡಿಸಿದ. ಆಮೇಲೆ ಯಾರು ಬೇಕಾದರೂ ಕಡಿಯುವ ಕಾಲ ಬಂದು, ನದಿಗಳ ಹತ್ತಿರದ ದೊಡ್ಡ ಮರಗಳೆಲ್ಲ ತೀರಿದವು. ಒಬ್ಬನೇ ಕಡಿದರೂ ಕೇಡು, ಎಲ್ಲರೂ ಕಡಿದರೂ ಕೇಡು ಎಂಬುದು ಮೂವತ್ತು ನಲವತ್ತು ವರ್ಷಗಳೊಳಗೆ ರುಜುವಾತಾಯಿತು. ೧೮೪೦ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ಸಾಗವಾನಿಯನ್ನು ನೆಟ್ಟು ಬೆಳೆಸುವ ಪ್ರಯೋಗಕ್ಕೆ ಕೈಹಾಕಿದ. ೧೮೪೭ರಲ್ಲಿ ಮುಂಬಯಿ ಪ್ರಾಂತಕ್ಕೆ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನು ಅರಣ್ಯ ಸಂರಕ್ಷಕನಾದ. ೧೮೬೪ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್‌ನನ್ನು ಮೊದಲ ಮಹಾ ಅಧಿಕಾರಿಯನ್ನಾಗಿ ಮಾಡಿಕೊಂಡು ಇಡೀ ದೇಶಕ್ಕೆ ಅರಣ್ಯ ಇಲಾಖೆ ಹುಟ್ಟಿತು.

ಇಲಾಖೆಯ ಮೂಲತತ್ತ್ವ ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದುದಲ್ಲ: ಬಡ್ಡಿಯನ್ನು ತಿನ್ನಬೇಕು, ಗಂಟಿಗೆ ಕೈಹಾಕಬಾರದು. ಒಂದು ಕಾಡು ವರ್ಷಕ್ಕೆ ಎಷ್ಟು ಬೆಳೆಯುತ್ತದೆಯೋ ಅಷ್ಟನ್ನೇ ಕಡಿದರೆ ಕಾಡು ಹಾಗೆಯೇ ಉಳಿಯುತ್ತದೆ. ಇದಕ್ಕಾಗಿ ಪ್ರತಿಯೊಂದು ವಿಭಾಗಕ್ಕೂ ಕಾರ್ಯಯೋಜನೆಯೊಂದನ್ನು ಬರೆಯುತ್ತಾರೆ. ಸಾಮಾನ್ಯವಾಗಿ ಹತ್ತು ವರ್ಷಗಳ ಅವಧಿಯದು. ಕಾಡನ್ನು ಕೂಪುಗಳಾಗಿ ಹಂಚಿ, ಯಾವ ವರ್ಷ ಯಾವ ಕೂಪಿನಲ್ಲಿ ಕೆಲಸ, ಎಷ್ಟು ದಪ್ಪದ ಮರವನ್ನು ತೆಗೆಯಬಹುದು, ಯಾವುದನ್ನು ಬೀಜಕ್ಕೆಂದು ಬಿಡಬೇಕು ಎಂಬುದನ್ನೆಲ್ಲ ಅದರಲ್ಲಿ ಕಾಣಿಸುತ್ತಾರೆ. ಕಡಿಯುವ ಮರಕ್ಕೆ ಎರಡು ಕಡೆ ಸುತ್ತಿಗೆಯ ಮುದ್ರೆ ಬೀಳುತ್ತದೆ: ಒಂದು ಎದೆಯ ಮಟ್ಟದಲ್ಲಿ, ಇನ್ನೊಂದು ಬುಡದಲ್ಲಿ. ಮರ ಹೋದ ಮೇಲೂ ಬೊಡ್ಡೆಯ ಮೇಲಿನ ಮುದ್ರೆ ಉಳಿಯುತ್ತದೆ. ಮುದ್ರೆಯಿಲ್ಲದ ಬೊಡ್ಡೆ ಕಂಡರೆ ಕಳ್ಳತನ ನಡೆಯಿತೆಂದು ಅರ್ಥ. ಸತ್ತ ಮೇಲೂ ಸಾಕ್ಷಿ ಹೇಳುವ ವ್ಯವಸ್ಥೆ!

ಕಳೆದ ಚಳಿಗಾಲದಲ್ಲಿ ನಮ್ಮ ಸಂಸಾರ ಆ ಕಡೆಗೆ ಹೋದಾಗ ದಾಂಡೇಲಿಯ ನಾಟಾ ಡಿಪೋವನ್ನು ಬೇಲಿಯ ಹೊರಗಿನಿಂದ ನೋಡಿದೆವು. ದಿಮ್ಮಿಗಳನ್ನು ದಪ್ಪಕ್ಕೆ ತಕ್ಕಂತೆ ವಿಂಗಡಿಸಿ ಲಾಟು ಲಾಟಾಗಿ ಒಟ್ಟಿರುತ್ತಾರೆ. ಪ್ರತಿಯೊಂದರ ತುದಿಯ ಮೇಲೂ ಅಂಕೆ, ಮುದ್ರೆ. ಸಾಗವಾನಿಯ ದಿಮ್ಮಿಯ ಕಡಿದ ಮುಖವನ್ನು ನೋಡಿದರೆ ಹೊರಗಡೆ ಬಿಳಿಯ ತೆಳು ಪದರ, ಒಳಗೆ ಹೊಂಬಣ್ಣದ ಕಾವು. ಎಣ್ಣೆಯಂಶವಿದ್ದು ಗೆದ್ದಲನ್ನು ದೂರವಿಡುವುದು ಈ ಕಾವೇ. ವರ್ಷಕ್ಕೊಂದು ಬಳೆಯಂತೆ ಬಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಮಳೆ ಚೆನ್ನಾಗಿ ಬಂದ ವರ್ಷದ ಬಳೆ ಅಗಲ, ಬರದ ವರ್ಷದ್ದು ಕಿರಿದು. ಮಕ್ಕಳು ಎಣಿಸತೊಡಗಿ ಐವತ್ತರ ಹತ್ತಿರ ಲೆಕ್ಕ ತಪ್ಪಿಸಿಕೊಂಡರು.

ಅಲ್ಲಿಂದ ಹಳಿಯಾಳದ ದಾರಿಯಲ್ಲಿ ನೆಟ್ಟು ಬೆಳೆಸಿದ ಒಂದು ಸಾಗವಾನಿ ತೋಪು. ನಡುನಡುವೆ ಹೊಸದಾಗಿ ಕಡಿದ ಬೊಡ್ಡೆಗಳು. ಅರಣ್ಯ ಇಲಾಖೆಯಲ್ಲಿ ಕಾವಲುಗಾರರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಅಲ್ಲಿ ದನ ಮೇಯಿಸುತ್ತಿದ್ದರು. ನನ್ನ ಮಗಳು ಪುಣೆಯ ಹುಡುಗಿ. ಮರ ಕಡಿಯುವುದು ಪಾಪವೆಂದು ಶಾಲೆಯಲ್ಲಿ ಕಲಿತವಳು. ನೇರವಾಗಿ ಕೇಳಿಯೇಬಿಟ್ಟಳು:

“ಅಜ್ಜಾ, ಇಷ್ಟು ಚೆಂದದ ಗಿಡಗಳನ್ನ ಯಾಕ ಕಡದಾರ?”

ಅವರು ನಕ್ಕರು. “ತಂಗೀ, ಒಂದ ಮನ್ಯಾಗ ಹತ್ತ ಮಕ್ಕಳ ಅದಾವು, ರೊಟ್ಟಿ ಮಾತ್ರ ಮೂರು. ಹತ್ತೂ ಮಂದಿಗೆ ಹಂಚಿದರ ಯಾರ ಹೊಟ್ಟಿ ತುಂಬತದ? ಗಿಡಕ್ಕ ಬಿಸಲೇ ರೊಟ್ಟಿ. ಸೊಟ್ಟ ಇದ್ದದ್ದು, ಸಣಕಲ ಇದ್ದದ್ದು ತಗದರ ಉಳದದ್ದು ತಲಿ ಎತ್ತತದ.”

“ಮತ್ತ ಕಾಡಿನ ಗಿಡಕ್ಕ ಯಾರೂ ಹಂಗ ಮಾಡೂದಿಲ್ಲಲ್ಲ?”

“ಅಲ್ಲಿ ಅವ ಬಡದಾಡಿ ತೀರ್ಮಾನ ಮಾಡಕೋತಾವು. ಇವನ್ನ ನೆಟ್ಟಾವ್ರು ನಾವು. ನೆಟ್ಟ ಮ್ಯಾಲ ಬಿಟ್ಟಹೋದರ ಹೆಂಗ? ಕಡಿಯೂದು ಒಂದ ದಿನದ ಕೆಲಸ, ತಂಗಿ. ನೋಡಕೋತ ಇರೂದು ಅರವತ್ತ ವರ್ಷದ್ದು.”

ಅವರ ಮಾತಿಗೆ ಲೆಕ್ಕದ ಆಧಾರವೂ ಇದೆ. ನರ್ಸರಿಯಲ್ಲಿ ಒಂದು ವರ್ಷ ಬೆಳೆದ ಸಾಗವಾನಿ ಸಸಿಯನ್ನು ಕಿತ್ತು, ಮೇಲಿನ ಕಾಂಡವನ್ನೂ ಕೆಳಗಿನ ಬೇರಿನ ತುದಿಯನ್ನೂ ಕತ್ತರಿಸಿದರೆ ಗಜ್ಜರಿಯಂಥ ಒಂದು ತುಂಡು ಉಳಿಯುತ್ತದೆ. ಮುಂಗಾರಿನ ಮೊದಲಲ್ಲಿ ಸಲಿಕೆಯಿಂದ ತೂತು ಮಾಡಿ ಅದನ್ನು ಇಳಿಸಿ ಮಣ್ಣು ಮೆಟ್ಟಿದರೆ ಮಳೆಗೆ ಚಿಗುರುತ್ತದೆ. ಎರಡು ಮೀಟರಿಗೆ ಒಂದರಂತೆ ನೆಟ್ಟರೆ ಹೆಕ್ಟೇರಿಗೆ ೨೫೦೦ ಗಿಡ. ಮೊದಲಿಗೆ ಒತ್ತಾಗಿ ನೆಡುವುದು ಅವು ಬಿಸಿಲಿಗಾಗಿ ಪೈಪೋಟಿ ನಡೆಸಿ ನೆಟ್ಟಗೆ ಏಳಲೆಂದು. ಬಳಿಕ ಕೆಲವು ವರ್ಷಗಳಿಗೊಮ್ಮೆ ಬಿಡಿಬಿಡಿಯಾಗಿ ತೆಗೆಯುತ್ತ ಹೋಗಿ, ಐವತ್ತು ಅರವತ್ತು ವರ್ಷಗಳ ಹೊತ್ತಿಗೆ ನೂರು ನೂರೈವತ್ತು ಮರ ಉಳಿದರೆ ಅದು ಹದವಾದ ತೋಪು. ನಡುವೆ ಬಳ್ಳಿಗಳನ್ನು ಕತ್ತರಿಸಬೇಕು, ಬೇಸಗೆಗೆ ಮೊದಲೇ ತರಗನ್ನು ಗುಡಿಸಿ ಬೆಂಕಿಯ ಗೆರೆ ತೆಗೆಯಬೇಕು, ಹಗಲಿರುಳು ಬೆಂಕಿ ಕಾಯಬೇಕು. ಕಾಲಕ್ಕೆ ಸರಿಯಾಗಿ ಬಿಡಿಸದ ತೋಪಿನಲ್ಲಿ ಮರಗಳು ಕೋಲಿನಂತೆ ಉದ್ದವಾಗಿ, ಬಡಕಲಾಗಿ, ರೋಗಕ್ಕೂ ಗಾಳಿಗೂ ಸುಲಭವಾಗಿ ತುತ್ತಾಗುತ್ತವೆ.

ಇಷ್ಟನ್ನು ಕೇಳಿ, ಹಾಗಾದರೆ ಎಲ್ಲ ಕಾಡನ್ನೂ ಹೀಗೆಯೇ ತೋಪು ಮಾಡಬಹುದಲ್ಲ ಎಂದು ತೋರಬಹುದು. ಇಲಾಖೆಗೂ ಬಹಳ ಕಾಲ ಹಾಗೆಯೇ ತೋರಿತು. ಬಗೆಬಗೆಯ ಮರಗಳಿದ್ದ ಕಾಡನ್ನು ಬೋಳಿಸಿ ಒಂದೇ ಜಾತಿಯ ಸಾಗವಾನಿಯನ್ನು ಸಾಲಾಗಿ ನೆಟ್ಟ ಜಾಗಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಮಳೆಗಾಲದಲ್ಲಿ ಅವನ್ನು ನೋಡಬೇಕು. ಸುತ್ತಲಿನ ಕಾಡೆಲ್ಲ ಹಸಿರಾಗಿರುವಾಗ ತೋಪು ಮಾತ್ರ ಒಮ್ಮೊಮ್ಮೆ ಬೆಂಕಿ ತಗುಲಿದಂತೆ ಕಂದಾಗಿರುತ್ತದೆ. ಸಾಗವಾನಿಯ ಎಳೆಯ ಎಲೆಯನ್ನೇ ತಿನ್ನುವ ಒಂದು ಹುಳು ಇದೆ, ಅದಕ್ಕೆ ಅಲ್ಲಿ ಮದುವೆಯ ಊಟ. ಬೆರಕೆಯ ಕಾಡಿನಲ್ಲಿ ಆ ಹುಳುವಿಗೆ ಒಂದು ಸಾಗವಾನಿಯಿಂದ ಇನ್ನೊಂದಕ್ಕೆ ಹೋಗಲು ನಡುವೆ ಹತ್ತು ಮರ ಅಡ್ಡ. ಅಲ್ಲಿ ಅದನ್ನು ತಿನ್ನುವ ಹಕ್ಕಿಗಳೂ ಹೆಚ್ಚು. ಒಬ್ಬರಂತೆ ಒಬ್ಬರಿಲ್ಲದ ಕೂಡುಕುಟುಂಬಕ್ಕೆ ಇರುವ ಬಲವೇ ಬೆರಕೆಯ ಕಾಡಿಗೂ ಉಂಟು.

ನಡೆಸುವವರ ಕಣ್ಣು ಎಲ್ಲಿ ತಪ್ಪಿತು ಎಂಬುದಕ್ಕೆ ಬಿದಿರಿನ ಕತೆಯಷ್ಟು ಸ್ವಾರಸ್ಯವಾದುದು ಇನ್ನೊಂದಿಲ್ಲ. ಕಾಳಿಯ ದಂಡೆಯ ಮೇಲೆ ೧೯೫೦ರ ದಶಕದಲ್ಲಿ ದೊಡ್ಡದೊಂದು ಕಾಗದದ ಕಾರ್ಖಾನೆ ತಲೆಯೆತ್ತಿತು. ಸುತ್ತಲಿನ ಬೆಟ್ಟಗಳಲ್ಲಿ ಹೆಬ್ಬಿದಿರು ಕಿರಿಬಿದಿರುಗಳು ಮುಗಿಯಲಾರದಷ್ಟಿವೆ ಎಂಬ ನಂಬಿಕೆಯ ಮೇಲೆ, ಟನ್ನಿಗೆ ಒಂದೂವರೆ ರೂಪಾಯಿಯಂತೆ ಅದಕ್ಕೆ ಸರಕಾರ ಬಿದಿರು ಕೊಟ್ಟಿತು. ಬುಟ್ಟಿ ಹೆಣೆಯುವ ಮೇದಾರನು ಸಂತೆಯಲ್ಲಿ ತೆರುತ್ತಿದ್ದ ಬೆಲೆಯ ಮುಂದೆ ಇದು ಏನೂ ಅಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಮುಗಿಯಲಾರದ ಬಿದಿರು ಮುಗಿಯುತ್ತ ಬಂತು. ಹಳ್ಳಿಯವರು ದನ ಬಿಡುವುದರಿಂದ ಕೆಟ್ಟಿತು ಎಂದು ಕೆಲವರು; ಕಾರ್ಖಾನೆಯ ಗುತ್ತಿಗೆದಾರರು ಮಿತಿಮೀರಿ ಕಡಿದುದರಿಂದ ಎಂದು ಇನ್ನು ಕೆಲವರು.

೧೯೭೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಮಾಧವ ಗಾಡಗೀಳರೂ ಅವರ ಸಂಗಡಿಗರೂ ಬಂದು ಬಿದಿರಿನ ಮೆಳೆಗಳನ್ನು ಒಂದೊಂದಾಗಿ ಎಣಿಸಿ ನೋಡಿದರು. ಇಲಾಖೆಯ ಪದ್ಧತಿಯಲ್ಲಿ ಒಂದು ನಿಯಮವಿತ್ತು: ಹೆಬ್ಬಿದಿರಿನ ಮೆಳೆಯ ಬುಡವನ್ನು ಸುತ್ತುವರಿದ ಮುಳ್ಳಿನ ರೆಂಬೆಗಳನ್ನು ಸವರಿ ಹಾಕಬೇಕು, ಇದರಿಂದ ಹೊಸ ಕಳಲೆಗೆ ಏಳಲು ತೆರವಾಗುತ್ತದೆ, ಕಡಿಯುವವರಿಗೂ ಅನುಕೂಲ. ಕಾಗದದ ಮೇಲೆ ಇದು ಬಹು ಒಪ್ಪವಾದ ಮಾತು. ಆದರೆ ನೆಲದ ಮೇಲೆ ಕಂಡುದೇ ಬೇರೆ. ಮುಳ್ಳು ಹೋದೊಡನೆ ಮಳೆಗಾಲದ ಎಳೆಯ ಕಳಲೆ ದನಗಳಿಗೂ ಮುಸಿಯಗಳಿಗೂ ಮುಳ್ಳುಹಂದಿಗಳಿಗೂ ಬಾಯಿಗೆಟಕುವ ತಿಂಡಿಯಾಯಿತು. ಮುಳ್ಳನ್ನು ಬಿಟ್ಟ ಮೆಳೆಗಳಲ್ಲಿ ಕಳಲೆ ಉಳಿದು ಗಳುವಾಗುತ್ತಿತ್ತು. ಸವರಿದ ಮೆಳೆಗಳು ಸೊರಗುತ್ತಿದ್ದವು. ಬಿದಿರು ತಾನೇ ಕಟ್ಟಿಕೊಂಡ ಬೇಲಿಯನ್ನು ಅದರ ಹಿತಕ್ಕೆಂದೇ ಕಿತ್ತುಹಾಕಿದಂತಾಯಿತು! ಹೆಚ್ಚಿನ ಸೋಜಿಗವೆಂದರೆ, ಈ ಸಂಗತಿ ಸುತ್ತಲಿನ ಹಳ್ಳಿಗರಿಗೆ ಮೊದಲೇ ಗೊತ್ತಿತ್ತು. ಕೇಳಿದವರಿರಲಿಲ್ಲ.

ಈ ಕತೆಯಿಂದ ಕಾಡಿಗೆ ಕೈಹಾಕಲೇಬಾರದು ಎಂಬ ನೀತಿ ತೆಗೆಯುವುದು ಸರಿಯಲ್ಲ. ಕೈಹಾಕಿದ ಮೇಲೆ ಏನಾಯಿತೆಂದು ಮರುವರ್ಷ ಬಂದು ನೋಡಬೇಕು, ನೋಡಿದುದನ್ನು ಒಪ್ಪಿಕೊಂಡು ನಿಯಮ ತಿದ್ದಬೇಕು ಎಂಬುದೇ ಅದರ ನೀತಿ.

ಇದೇ ಮಾತಿಗೆ ಇನ್ನೊಂದು ನಿದರ್ಶನ ದಾಂಡೇಲಿಯ ಮರಗಳ ನೆತ್ತಿಯ ಮೇಲೆಯೇ ಕೂಗುತ್ತಿರುತ್ತದೆ. ಅದು ಮಂಗಟ್ಟೆ ಹಕ್ಕಿ, ಕೊಕ್ಕಿನ ಮೇಲೊಂದು ಕಿರೀಟ ಹೊತ್ತದ್ದು. ಇಂಗ್ಲಿಷಿನ ಹಾರ್ನ್‌ಬಿಲ್. ನಾಲ್ಕು ಬಗೆಯ ಮಂಗಟ್ಟೆಗಳು ಈ ಕಾಡಿನಲ್ಲಿವೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಂಡು, ತಿಂಗಳುಗಟ್ಟಲೆ ಒಳಗೇ ಬಾಣಂತನ ಮಾಡುತ್ತದೆ. ಗಂಡು ಅತ್ತಿ ಆಲಗಳ ಹಣ್ಣು ತಂದು ಉಣಿಸುತ್ತದೆ. ಇದಕ್ಕೆ ಬೇಕಾದ ಪೊಟರೆ ಎಳೆಯ ಮರದಲ್ಲಿ ಇರದು. ಮುದಿಯಾದ, ಒಳಗೆ ಪೊಳ್ಳಾದ ದೊಡ್ಡ ಮರವೇ ಬೇಕು. ನಾಟಾದ ಕಣ್ಣಿಗೆ ಅಂಥ ಮರ ನಿಷ್ಪ್ರಯೋಜಕ, ಸಾಯುತ್ತಿರುವುದು, ಮೊದಲು ತೆಗೆಯಬೇಕಾದುದು. ಕಾಡಿನ ಆರೋಗ್ಯಕ್ಕೆಂದು ಅದನ್ನು ತೆಗೆದರೆ ಮಂಗಟ್ಟೆಗೆ ಮನೆಯಿಲ್ಲ. ಮಂಗಟ್ಟೆ ಹೋದರೆ ಅದು ನುಂಗಿ ದೂರದೂರ ಬಿತ್ತುವ ಹಣ್ಣಿನ ಮರಗಳ ಸಂತಾನವೂ ಸೊರಗುತ್ತದೆ. ಮರದ ಆರೋಗ್ಯವೇ ಬೇರೆ, ಕಾಡಿನ ಆರೋಗ್ಯವೇ ಬೇರೆ. ಮನೆಯಲ್ಲಿ ಅಜ್ಜಿಯೊಬ್ಬಳು ದುಡಿಯಲಾರಳೆಂದು ಅವಳಿಂದ ಪ್ರಯೋಜನವಿಲ್ಲವೆನ್ನುವವರುಂಟೆ?

ಕಾಡನ್ನು ಕಡಿಯುವ ಬಗೆಗೆ ಜಿಲ್ಲೆಯ ಜನರಿಗೆ ಸಿಟ್ಟು ಬಂದುದೂ ಸುಳ್ಳಲ್ಲ. ದಾಂಡೇಲಿಯಿಂದ ಯಲ್ಲಾಪುರದ ಮೇಲೆ ಶಿರಸಿಗೆ ಎರಡು ಮೂರು ತಾಸಿನ ದಾರಿ. ಅಲ್ಲಿನ ಸಾಲ್ಕಣಿ ಎಂಬ ಹಳ್ಳಿಯಲ್ಲಿ ೧೯೮೩ರ ಸೆಪ್ಟೆಂಬರಿನಲ್ಲಿ ಹೆಂಗಸರು, ಗಂಡಸರು, ಹುಡುಗರು ಕಾಡಿಗೆ ನಡೆದು, ಕಡಿಯಲು ಗುರುತಾದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ. ಪಾಂಡುರಂಗ ಹೆಗಡೆಯವರು ಅದರ ಮುಂದಾಳು. ಹೊರಗಿನವರು ಅದನ್ನು ಬರಿಯ ಮರ ಕಡಿಯಬೇಡಿರೆನ್ನುವ ಚಳವಳಿಯೆಂದು ತಿಳಿಯುವುದುಂಟು. ಆದರೆ ಅವರ ಘೋಷಣೆ ಮೂರು ಮಾತಿನದು: ಉಳಿಸು, ಬೆಳೆಸು, ಬಳಸು. ಮೂರನೆಯ ಮಾತನ್ನು ಗಮನಿಸಬೇಕು. ಕಾಡಿನ ಮಗ್ಗುಲಲ್ಲಿ ಬಾಳುವವರಿಗೆ ಬಳಸದೆ ಬದುಕಿಲ್ಲ. ಶಿರಸಿ ಸಿದ್ದಾಪುರಗಳ ಅಡಿಕೆ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದುದು. ಅಲ್ಲಿಯ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಅಕ್ಕಪಕ್ಕದ ಎರಡು ಬೆಟ್ಟಗಳನ್ನು ನೋಡಿದರೆ, ಸರದಿಯಂತೆ ಹದವಾಗಿ ಸೊಪ್ಪು ಕಡಿದ ಬೆಟ್ಟ ಕಾಡಿನಂತೆಯೇ ಇರುತ್ತದೆ, ಆಸೆಬುರುಕನ ಬೆಟ್ಟ ಬೋಳಾಗಿರುತ್ತದೆ. ಕಾಯಿದೆ ಎರಡಕ್ಕೂ ಒಂದೇ. ನೋಡಿಕೊಳ್ಳುವ ಕೈ ಮಾತ್ರ ಬೇರೆ.

ಆಮೇಲಿನ ಕಾಲದಲ್ಲಿ ಗಾಳಿ ಬೀಸುವ ದಿಕ್ಕು ತಿರುಗಿತು. ೧೯೮೦ರಲ್ಲಿ ಅರಣ್ಯ ಸಂರಕ್ಷಣೆಯ ಕಾಯಿದೆ ಬಂತು. ೧೯೮೮ರ ರಾಷ್ಟ್ರೀಯ ಅರಣ್ಯ ನೀತಿಯು ನೆಲ ಜಲ ವಾತಾವರಣಗಳ ಸಮತೋಲವೇ ಅರಣ್ಯದ ಮೊದಲ ಗುರಿ, ಆದಾಯ ಅದಕ್ಕೆ ಅಡಿಯಾಳು ಎಂದು ಸಾರಿತು. ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಆದಷ್ಟೂ ರೈತರ ಹೊಲಗಳಿಂದ ಪಡೆಯಬೇಕೆಂದಿತು. ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಂದ್ರವು ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯಕೂಡದೆಂದು ಅಪ್ಪಣೆಮಾಡಿತು. ದಾಂಡೇಲಿಯ ಸುತ್ತಲಿನ ಕಾಡು ೧೯೫೬ರಲ್ಲಿಯೇ ಅಭಯಾರಣ್ಯವಾಗಿತ್ತು; ೧೯೮೭ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು; ೨೦೦೭ರಲ್ಲಿ ಎರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಗಿ, ೨೦೧೫ರಲ್ಲಿ ಅದಕ್ಕೆ ನದಿಯ ಹೆಸರೇ ಬಂತು. ಒಳಗೆ ಈಗ ಕೊಡಲಿಯ ಸದ್ದಿಲ್ಲ.

ಇದು ಸಂತೋಷದ ಮಾತೇ. ಆದರೆ ಅಲ್ಲಿಯೂ ಒಂದು ತೊಡಕಿದೆ. ಹುಲಿಯ ಕಾಡಿನೊಳಗೆ ಹಿಂದೆ ನೆಟ್ಟ ಸಾಗವಾನಿ ತೋಪುಗಳು ಹಾಗೆಯೇ ಉಳಿದಿವೆ. ಅಭಯಾರಣ್ಯಗಳಿಂದ ಸತ್ತ ಮರವನ್ನೂ ಬಿದ್ದ ಮರವನ್ನೂ ಹೊರಗೆ ಸಾಗಿಸಬಾರದೆಂದು ೨೦೦೦ದಲ್ಲಿ ನ್ಯಾಯಾಲಯದ ಆಜ್ಞೆಯಾಯಿತು. ಕಾಡುಗಳ್ಳತನಕ್ಕೆ ಅದು ಒಳ್ಳೆಯ ಬೀಗ. ಆದರೆ ನೆಟ್ಟು ಬೆಳೆಸಿ ನಡುದಾರಿಯಲ್ಲಿ ಕೈಬಿಟ್ಟ ತೋಪಿನಲ್ಲಿ ಮರಗಳು ಒತ್ತೊತ್ತಾಗಿ, ಕೆಳಗೆ ಒಣ ತರಗಿನ ಹಾಸೇ ಹಾಸು. ಜಿಂಕೆ ಕಾಟಿಗಳಿಗೆ ಹುಲ್ಲು ಕಡಮೆ. ಹುಲ್ಲಿಲ್ಲದಲ್ಲಿ ಜಿಂಕೆಯಿಲ್ಲ, ಜಿಂಕೆಯಿಲ್ಲದಲ್ಲಿ ಹುಲಿಗೇನು ಕೆಲಸ? ಮರಗಳನ್ನು ಬಿಡಿಸಿ ಬಿಸಿಲು ನೆಲಕ್ಕೆ ಇಳಿಯುವಂತೆ ಮಾಡಿ ನಾಡಿನ ಬೆರಕೆ ಮರಗಳು ಏಳಲು ಎಡೆಗೊಡಬೇಕು ಎಂದು ಒಂದು ಪಕ್ಷ; ಒಮ್ಮೆ ಬೀಗ ತೆಗೆದರೆ ಕೊಡಲಿ ಎಲ್ಲಿ ನಿಲ್ಲುವುದೋ ಎಂದು ಇನ್ನೊಂದು ಪಕ್ಷ. ಹಳೆಯ ಅನುಭವವನ್ನು ನೆನೆದರೆ ಎರಡನೆಯವರ ಅಂಜಿಕೆ ಆಧಾರವಿಲ್ಲದ್ದಲ್ಲ. ಆದರೂ ನಾವು ನೆಟ್ಟುದರ ಹೊಣೆ ನಮ್ಮದು ಎಂಬ ಆ ಹಿರಿಯರ ಮಾತು ನನಗೆ ಹೆಚ್ಚು ಸರಿಯೆನಿಸುತ್ತದೆ. ಸಣ್ಣ ಸಣ್ಣ ತುಣುಕುಗಳಲ್ಲಿ ಮಾಡಿ, ಮಾಡದ ತುಣುಕಿನ ಜೊತೆಗೆ ಹೋಲಿಸಿ, ಲೆಕ್ಕವನ್ನು ಎಲ್ಲರೂ ನೋಡುವಂತೆ ಇಟ್ಟರೆ ಎರಡೂ ಪಕ್ಷದವರಿಗೆ ಉತ್ತರ ಸಿಗಬಹುದು. ಬಿದಿರಿನ ಪ್ರಸಂಗದಲ್ಲಿ ಸಿಕ್ಕುದು ಹೀಗೆಯೇ.

ನಮ್ಮಂಥ ಪಟ್ಟಣಿಗರಿಗೆ ಇದರಲ್ಲಿ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ನಮ್ಮ ಮನೆಯ ಬಾಗಿಲಿನಲ್ಲಿಯೇ ಇದೆ. ನಮ್ಮ ಕಾಡಿನಲ್ಲಿ ಕಡಿತ ಕಡಮೆಯಾಯಿತು. ನಮ್ಮ ಮನೆಗಳಿಗೆ ಮರ ಬೇಕೆನ್ನುವುದು ಕಡಮೆಯಾಗಲಿಲ್ಲ. ಹಿಂದೆ ಬರ್ಮಾದಿಂದ ಬರುತ್ತಿತ್ತು. ೨೦೧೪ರಲ್ಲಿ ಆ ದೇಶ ಇಡೀ ದಿಮ್ಮಿಗಳ ರಫ್ತು ನಿಲ್ಲಿಸಿತು. ಈಗ ಆಫ್ರಿಕಾ, ದಕ್ಷಿಣ ಅಮೆರಿಕಗಳ ಸಾಗವಾನಿ ನಮ್ಮ ಬಂದರುಗಳಲ್ಲಿ ಇಳಿಯುತ್ತದೆ. ಅದನ್ನು ಕಡಿದ ಕಾಡಿನ ಪಾಡೇನೆಂದು ನಮ್ಮಲ್ಲಿ ಯಾರೂ ಹೋಗಿ ನೋಡಿದವರಿಲ್ಲ. ನಮ್ಮ ಕಾಡಿಗೆ ಬೀಗ ಹಾಕಿ ಪರರ ಕಾಡಿನ ಬಾಗಿಲು ತೆರೆದಿಟ್ಟರೆ ಪುಣ್ಯದ ಲೆಕ್ಕ ಸರಿಹೊಂದೀತೆ? ಹುಲಿಯ ಕಾಡು ಹುಲಿಗಿರಲಿ, ಘಟ್ಟದ ಕಪ್ಪು ಕಾಡು ಮಳೆಗೂ ನದಿಗೂ ಇರಲಿ. ಹಳಿಯಾಳದ ಕಡೆಯ ತೋಪುಗಳನ್ನೂ ರೈತರ ಹೊಲದಂಚನ್ನೂ ಚೆನ್ನಾಗಿ ನಡೆಸಿದರೆ ನಾಟಾ ಅಲ್ಲಿಂದ ಬರಲಿ. ಯಾವುದು ಯಾವುದಕ್ಕೆ ಎಂದು ವಿಂಗಡಿಸಿ, ವಿಂಗಡಿಸಿದುದನ್ನು ಕಾಯುವುದೇ ಜಾಣತನ. ಇರುವ ಹಳೆಯ ಕಪಾಟನ್ನು ಇನ್ನೊಂದು ತಲೆಮಾರು ಬಾಳಿಸುವುದು ನಮ್ಮ ಪಾಲಿನ ಕೆಲಸ.

ಮುಂದಿನ ರಜೆಯಲ್ಲಿ ದಾಂಡೇಲಿಗೆ ಹೋಗುವವರಿಗೆ ಒಂದೆರಡು ಸೂಚನೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಹವೆ ಹಿತ. ಜೂನಿನ ಬಳಿಕ ಮಳೆಯ ಆರ್ಭಟ. ದಾಂಡೇಲಿಗೆ ಸಮೀಪದ ಕುಳಗಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. 'ಬರುತ್ತೇವೆ' ಎಂದು ಮೊದಲೇ ತಿಳಿಸಿ ಹೋಗುವುದು ಲೇಸು. ಮುಂಜಾವದಲ್ಲಿ ಎದ್ದರೆ ಮಂಗಟ್ಟೆಯ ರೆಕ್ಕೆಯ ಸದ್ದು, ರೈಲು ದೂರದಲ್ಲಿ ಉಸಿರುಬಿಟ್ಟಂತೆ, ಮೊದಲು ಕೇಳಿ ಆಮೇಲೆ ಹಕ್ಕಿ ಕಾಣುತ್ತದೆ. ಬೆಂಕಿಕಡ್ಡಿಯನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಿರಿ. ಬೇಸಗೆಯ ಒಂದು ಕಿಡಿಗೆ ಸಾವಿರ ಸಸಿ ಆಹುತಿ. ದಾರಿಯಲ್ಲಿ ಬೊಡ್ಡೆಯೊಂದು ಕಂಡರೆ ಮಕ್ಕಳನ್ನು ನಿಲ್ಲಿಸಿ ಮುದ್ರೆಯಿದೆಯೇ ಎಂದು ಹುಡುಕಿಸಿರಿ, ಬಳೆಗಳನ್ನು ಎಣಿಸಿಸಿರಿ, ಅದರ ಪಕ್ಕದಲ್ಲಿ ಏನು ಚಿಗುರಿದೆ ಎಂಬುದನ್ನೂ ತಪ್ಪದೆ ನೋಡಿಸಿರಿ. ಕಾಡು ನಡೆಸುವ ವಿದ್ಯೆಯ ಮೊದಲ ಪಾಠ ಇಷ್ಟೇ. ಕಡಿದವರನ್ನು ಬಯ್ಯುವುದೂ ಕಡಿಯದವರನ್ನು ಹೊಗಳುವುದೂ ಆ ಮೇಲಿನ ಮಾತು.